ಮೂಲೆ ಅಂಗಡಿಯ ಮೇಲೆ ಕೆಂಪು ಪಿನ್ನು

ಕೆಂಪು ಪಿನ್ನು ಸರಿಯಾಗಿ ತನ್ನ ಅಂಗಡಿಯ ನೆತ್ತಿಯ ಮೇಲೇ ಕೂತಿದೆ ಎಂದು ಖಾತ್ರಿಯಾದ ಕೂಡಲೇ ಟೈಲರಣ್ಣ ಅದನ್ನು ಕೀಳಲು ಕೈ ಹಾಕಿದ.

"ಕೀಳಬಾರ್ದು ಸರ್," ಎಂದರು ಪುರಸಭೆಯ ಯೋಜನಾಧಿಕಾರಿ ಮೇಡಂ. "ಅದು ಸಾರ್ವಜನಿಕರ ಅಭಿಪ್ರಾಯ."

"ನಾನೂ ಸಾರ್ವಜನಿಕನೇ ಅಲ್ವಾ?"

"ಹಾಗಾದ್ರೆ ಪಕ್ಕದಲ್ಲಿ ಒಂದು ಹಸಿರು ಚುಚ್ಚಿ."

ಬಡಾವಣೆಯ ಅಭಿವೃದ್ಧಿ ಯೋಜನೆಯನ್ನು ಈ ಸಲ ಜನರನ್ನು ಕೇಳಿಯೇ ಮಾಡುವುದೆಂದು ಪುರಸಭೆ ಹೊರಟಿತ್ತು. ಸಭಾಂಗಣದ ಗೋಡೆಗೆ ದೊಡ್ಡ ನಕ್ಷೆ, ಅದರ ಕೆಳಗೆ ಎರಡು ಬಟ್ಟಲು ಪಿನ್ನು. ಉಳಿಯಬೇಕಾದದ್ದಕ್ಕೆ ಹಸಿರು, ಹೋಗಬೇಕಾದದ್ದಕ್ಕೆ ಕೆಂಪು. ಚುಚ್ಚುವವರು ಹೆಸರು ಹೇಳಬೇಕಿಲ್ಲ. ವಾರದ ಕೊನೆಗೆ ಸಭೆ, ಅಲ್ಲಿ ಕೈ ಎತ್ತಿಸಿ ತೀರ್ಮಾನ.

ಮೂಲೆಯ ಟೈಲರ್ ಅಂಗಡಿ ತೆಗೆದರೆ ಬೀದಿಯೊಳಗೆ ಬಸ್ಸು ತಿರುಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಬಾಯಿ ಬಿಟ್ಟು ಯಾರೂ ಹೇಳಿರಲಿಲ್ಲ, ಅಷ್ಟೆ. ಈಗ ಬಾಯಿ ಬಿಡದೆ ಹೇಳುವ ಉಪಾಯ ಪುರಸಭೆಯೇ ಕೊಟ್ಟಿತ್ತು.

"ಯಾರು ಅಂತ ಗೊತ್ತಾಗ್ಲಿ," ಎಂದ ಟೈಲರಣ್ಣ, ಹೆಂಡತಿಯ ಮುಂದೆ. "ಜನ್ಮದಲ್ಲಿ ಅವನ ಮುಖ ನೋಡಲ್ಲ."

"ಅಷ್ಟೊಂದು ಕೋಪ ಯಾಕ್ರೀ? ಚುಚ್ಚಿದವರಿಗೂ ಏನೋ ಕಷ್ಟ ಇದ್ದಿರಬೇಕು."

"ನನ್ನ ಅಂಗಡಿಯಿಂದ ಯಾರಿಗೆ ಏನೇ ಕಷ್ಟ? ಒಬ್ಬ ಗಿರಾಕಿ ಬೇರೆ ಟೈಲರ್ ಹತ್ರ ಹೋಗಿದ್ದು ತೋರ್ಸು ನೋಡೋಣ! ಆ ಅಂಗಡಿ ಹೋದ್ರೆ ನಾನೇ ಹೋದ ಹಾಗೆ."

ಅವಳು ಸೂಜಿಗೆ ದಾರ ಪೋಣಿಸಿ ಅವನ ಕೈಗಿಟ್ಟಳು. ಬೀದಿಯ ಆಚೆ ತುದಿಯ ಬೋರ್ಡನ್ನು ಅವನು ಕೂತಲ್ಲೇ ಓದಬಲ್ಲ. ಹತ್ತಿರದ ಸೂಜಿಯ ಕಣ್ಣು ಮಾತ್ರ ಎರಡು ಸಲ ಕನ್ನಡಕ ಬದಲಾಯಿಸಿದರೂ ಸಿಕ್ಕಿರಲಿಲ್ಲ.

ಮರುದಿನ ಪತ್ತೇದಾರಿಕೆ ಶುರುವಾಯಿತು. ಮೊದಲು ಕ್ಷೌರದಂಗಡಿ. ಕ್ಷೌರಿಕ ಶರ್ಟಿನ ತೋಳನ್ನು ಮೊಣಕೈ ಮೇಲಕ್ಕೆ ಮಡಚಿಕೊಂಡು ಯಾರದೋ ಗಡ್ಡಕ್ಕೆ ನೊರೆ ಹಚ್ಚುತ್ತಿದ್ದ.

"ನಾನಾ? ನೀನು ಹೊಲಿದ ಶರ್ಟ್ ಹಾಕ್ಕೊಂಡು ಅಂಥ ಕೆಲಸ ಮಾಡ್ತೀನಾ ಟೈಲರಣ್ಣ?"

ಬೇಕರಿಯವನೂ ತೋಳು ಮಡಚಿಕೊಂಡೇ ಹಿಟ್ಟು ನಾದುತ್ತಿದ್ದ. ಅವನದೂ ಅದೇ ಉತ್ತರ. ದುಡಿಯುವ ಜನ, ಇವರು ಸುಳ್ಳು ಹೇಳುವವರಲ್ಲ ಎಂದುಕೊಂಡ ಟೈಲರಣ್ಣ.

ಚಪ್ಪಲಿ ಅಂಗಡಿಯವನ ವಿಷಯ ಬೇರೆ. ಅವನ ಮಳಿಗೆ ಟೈಲರ್ ಅಂಗಡಿಯ ಬೆನ್ನಿಗಿತ್ತು. ಮೂಲೆ ಬಯಲಾದರೆ ರಸ್ತೆಗೆ ಎದ್ದು ಕಾಣುವುದು ಅವನದೇ ಅಂಗಡಿ. ಮೇಲಾಗಿ, ಕಾಗೆಯೂ ನೆರಳು ಹುಡುಕುವಂಥ ಸೆಕೆಯಲ್ಲಿ ಅವನು ಸ್ವೆಟರ್ ತೊಟ್ಟು ಕೂತಿದ್ದ. ಪಿನ್ನಿನ ಮಾತು ಬಂದದ್ದೇ ತಡ, ಹಣೆಯ ಬೆವರು ಒರೆಸಿಕೊಂಡು ಸ್ವೆಟರಿನ ತೋಳನ್ನು ಮುಂಗೈವರೆಗೂ ಎಳೆದುಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಟೈಲರಣ್ಣನಿಗೆ ಇನ್ನು ಸಾಕ್ಷಿ ಬೇಕಿರಲಿಲ್ಲ.

ಆದರೂ ಸಭೆಯಲ್ಲೇ ಎಲ್ಲರೆದುರು ಹಿಡಿಯಬೇಕು. ಸಭೆಯ ಹಿಂದಿನ ಸಂಜೆ ಅವನು ಬೀದಿಯವರನ್ನೆಲ್ಲ ಅಂಗಡಿ ಮುಂದೆ ಸೇರಿಸಿದ.

"ನಾಳೆ ಎಲ್ಲಾರೂ ನಾನು ಹೊಲಿದ ಶರ್ಟೇ ಹಾಕ್ಕೊಂಡು ಬನ್ನಿ. ತುಂಬುತೋಳಿಂದು. ಆ ಮೇಡಂಗೆ ನಾನ್ಯಾರು ಅಂತ ಗೊತ್ತಾಗ್ಲಿ."

ಕ್ಷೌರಿಕ ಬೇಕರಿಯವನ ಮುಖ ನೋಡಿದ. "ತೋಳು ಮಡಚಬಹುದಾ?"

"ಬಿಲ್‌ಕುಲ್ ಇಲ್ಲ. ನೀಟಾಗಿ ಬಟನ್ ಹಾಕಿರ್ಬೇಕು."

"ಮೇಲೊಂದು ಸ್ವೆಟರ್..." ಎಂದ ಚಪ್ಪಲಿ ಅಂಗಡಿಯವನು.

"ನೀನಂತೂ ತೆಗೆದೇ ಬರ್ಬೇಕು!"

ಸಭೆಗೆ ಕುರ್ಚಿಗಳು ಸಾಲಲಿಲ್ಲ. ಟೈಲರಣ್ಣ ವೇದಿಕೆಯ ಮೇಲೆ, ನಕ್ಷೆಯ ಪಕ್ಕ ಕಾವಲು ನಿಂತ. ಕೆಳಗೆ ಕೂತವರೆಲ್ಲ ಯಾಕೋ ಕೈ ಕಟ್ಟಿಕೊಂಡು ಗಂಭೀರವಾಗಿದ್ದರು. ಚರಂಡಿ, ಬೀದಿದೀಪ, ಮಕ್ಕಳ ಆಟದ ಜಾಗ ಎಲ್ಲ ಮುಗಿದು ಮೂಲೆ ಅಂಗಡಿಯ ಸರದಿ ಬಂತು.

"ಅಂಗಡಿ ಉಳೀಬೇಕು ಅನ್ನೋರು ಕೈ ಎತ್ತಿ," ಎಂದರು ಮೇಡಂ.

ಟೈಲರಣ್ಣ ಚಪ್ಪಲಿ ಅಂಗಡಿಯವನನ್ನೇ ದುರುಗುಟ್ಟಿ ನೋಡಿದ.

ಚಪ್ಪಲಿ ಅಂಗಡಿಯವನು ಎರಡೂ ಕೈ ಎತ್ತಿದ. ಅವನನ್ನು ನೋಡಿ ಕ್ಷೌರಿಕನೂ ಎರಡು ಎತ್ತಿದ. ಆಮೇಲೆ ಬೇಕರಿಯವನು, ಹಾಲಿನವನು, ಪೇಪರಿನವನು, ಹಿಂದೆ ಗೋಡೆಗೊರಗಿ ನಿಂತವರು. ಕೆಳಗೆ ಉಳಿದ ಕೈ ಒಂದೂ ಇರಲಿಲ್ಲ. ಟೈಲರಣ್ಣನ ಕಣ್ಣು ತುಂಬಿ ಬಂತು. ಇಂಥವರನ್ನು ಅನುಮಾನಿಸಿದೆನಲ್ಲ ಎಂದು ಕಣ್ಣೊರೆಸಿಕೊಂಡು ಮತ್ತೊಮ್ಮೆ ನೋಡಿದ.

ದೂರದ್ದು ಅವನಿಗೆ ಚೆನ್ನಾಗಿ ಕಾಣುತ್ತಿತ್ತು. ಕ್ಷೌರಿಕನ ಬಲತೋಳು ಬೆರಳು ಮುಚ್ಚುವಷ್ಟು ಉದ್ದ, ಎಡತೋಳು ಮಣಿಕಟ್ಟಿಗೂ ಮುಟ್ಟಿರಲಿಲ್ಲ. ಬೇಕರಿಯವನದು ಇದಕ್ಕೆ ಉಲ್ಟಾ. ಚಪ್ಪಲಿ ಅಂಗಡಿಯವನ ಒಂದು ತೋಳು ಒಳಮೈ ಹೊರಗಾಗಿ ಹೊಲಿಗೆ ಬಿದ್ದಿತ್ತು. ಹಿಂದಿನ ಸಾಲಿನವರೆಗೂ ಒಂದು ತೋಳಿಗೆ ಇನ್ನೊಂದು ಸಮವಿರಲಿಲ್ಲ. ಅವನ ಕಿವಿ ಬಿಸಿಯಾಯಿತು. ಮಡಚಿದ ತೋಳುಗಳ, ಆ ಸ್ವೆಟರಿನ ಅರ್ಥ ಅವನಿಗೆ ಈಗ ಹೊಳೆಯಿತು. ನಾಚಿಕೆಯಿಂದ ನೆಲ ನೋಡಬೇಕೆನಿಸಿತು, ಆದರೆ ಆ ಮುಖಗಳಿಂದ ಕಣ್ಣು ಕೀಳಲಾಗಲಿಲ್ಲ. ಯಾರ ಮುಖದಲ್ಲೂ ನಗುವಿರಲಿಲ್ಲ. ಕೈಗಳೂ ಇಳಿಯಲಿಲ್ಲ.

"ಸರ್ವಾನುಮತ," ಎಂದರು ಮೇಡಂ. "ಈ ಕೆಂಪು ಪಿನ್ನು ತೆಗೆದುಬಿಡ್ತೀನಿ."

"ಬೇಡ ಮೇಡಂ," ಎಂದ ಟೈಲರಣ್ಣ. "ಅದು ನಾನೇ ಚುಚ್ಚಿದ್ದು. ಬಸ್ಸು ಬರ್ಲಿ ಬಿಡಿ."

ಎರಡನೇ ಸಾಲಿನಲ್ಲಿ ಅವನ ಹೆಂಡತಿ, ಮೊದಲ ದಿನವೇ ಒಬ್ಬಳೇ ಬಂದು ಆ ಪಿನ್ನು ಚುಚ್ಚಿ ಹೋಗಿದ್ದವಳು, ಎಲ್ಲರ ಜೊತೆ ಎತ್ತಿದ್ದ ಕೈಯನ್ನು ಮೆಲ್ಲಗೆ ಇಳಿಸಿದಳು.