ಬಣ್ಣವಿಲ್ಲ, ರುಚಿಯಿಲ್ಲ

"ಇನ್ನ ಒಂದ ಗುಳಿಗೀನೂ ನುಂಗಂಗಿಲ್ಲ, ನಾ ಆರಾಮ ಅದೀನಿ" ಎಂದು ಗುರಪ್ಪ ಹಟ ಹಿಡಿದ. ಅವನನ್ನು ಮನೆಗೆ ಕಳಿಸಬೇಕಿದ್ದ ಮಾನಸಿಕ ಆಸ್ಪತ್ರೆಯ ಡಾಕ್ಟರು ಅವನನ್ನು ಹೊರಗೆ ಕೂರಿಸಿ, ಅಕ್ಕ ನೀಲವ್ವನ ಕೈಗೊಂದು ಪುಟ್ಟ ಬಾಟಲಿ ಕೊಟ್ಟರು.

"ಬಣ್ಣ ಇಲ್ಲ, ರುಚಿ ಇಲ್ಲ. ಅವನಿಗೆ ಗೊತ್ತಾಗದ ಹಾಗೆ ಊಟದಲ್ಲಿ ಹಾಕಿಬಿಡಿ."

ನೀಲವ್ವನ ಕೈ ತಾನಾಗಿ ಹೆಗಲಿನ ಗಾಯದ ಕಲೆಗೆ ಹೋಯಿತು. "ಅದೊಂದು ನನ್ನ ಕೈಲೆ ಆಗೂದಿಲ್ರಿ ಸಾಹೇಬ್ರ. ಅವಗ ಮೊದಲ ಏನಾಗಿತ್ತಂದ್ರ..."

"ಹಾಕದಿದ್ರೆ ಮತ್ತೆ ಇಲ್ಲಿಗೇ ಕರ್ಕೊಂಡು ಬರ್ತೀರಿ. ಎಲ್ಲರೂ ಹೀಗೇ ಮಾಡೋದಮ್ಮ" ಎಂದ ಡಾಕ್ಟರು ಆಗಲೇ ಮುಂದಿನವರನ್ನು ಕರೆದಿದ್ದರು.

ವಾರ್ಡಿನ ಕಬ್ಬಿಣದ ಬಾಗಿಲನ್ನೊಮ್ಮೆ ನೋಡಿ, ನೀಲವ್ವ ಬಾಟಲಿಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಳು.

ಮನೆಯಲ್ಲಿ ತಮ್ಮನಿಗೆ ಬೆನ್ನು ಮಾಡಿ ನಿಂತು, ಬಿಸಿ ಸಾರಿಗೆ ಔಷಧದ ಹನಿ ಬಿಟ್ಟಳು. ಚಮಚ ಬಟ್ಟಲಿಗೆ ತಾಗಿ ಸದ್ದಾದಾಗ ಥಟ್ಟನೆ ತಿರುಗಿ ತಮ್ಮನನ್ನು ನೋಡಿದಳು. ಗುರಪ್ಪ ತಲೆ ಕೂಡ ಎತ್ತಲಿಲ್ಲ. ರೊಟ್ಟಿ ಮುರಿದು ಅದ್ದಿ ತಿಂದ, ಬಟ್ಟಲನ್ನೇ ಎತ್ತಿ ಕೊನೆಯ ಗುಟುಕಿನವರೆಗೂ ಕುಡಿದ. ಆಮೇಲೆ ನಾಚಿಕೊಂಡು ನಕ್ಕು, ಖಾಲಿ ಬಟ್ಟಲನ್ನು ಮತ್ತೆ ಅಕ್ಕನ ಮುಂದೊಡ್ಡಿದ.

"ಯಕ್ಕಾ, ನನ್ನ ತಲಿ ಎಷ್ಟ ಕೆಟ್ಟಿತ್ತು ನೋಡು. ನೀ ಊಟದಾಗ ಏನೋ ಹಾಕ್ತಿ ಅಂತ ತಿಳದು, ನಿನ್ನ ಮ್ಯಾಲೆ ಕೊಡ್ಲಿ ಬೀಸಿದ್ದೆ."