ಒಂದು ಹಿಡಿ ಬೇಳೆ

“ಸೊಚೆವಿತ್ಸ,” ಅಂದ ಗೆರ್ಲಾಖ್.

“ಅಯ್ಯೋ, ‘ಚೆ’ ಅಲ್ಲ ರೀ, ‘ತ್ಸೆ’! ಸೊತ್ಸೆವಿತ್ಸ!” ಅವನ ಹೆಂಡತಿ ವಿಖ್ನಾ ಹಣೆ ಚಚ್ಚಿಕೊಂಡಳು.

“ಕ್ರಾಕೋವ್ ಪೇಟೇಲೆಲ್ಲ ‘ಚೆ’ ಅಂತಾರಲ್ಲೇ?”

“ಪೇಟೆಯೋರ ಮಾತು ಕಟ್ಕೊಂಡು ತಲೆ ಕಳ್ಕೋತೀರಾ? ಆ ಬೇಳೆ ಬೆಳೆದೋನು ನಮ್ಮಪ್ಪ. ಅದರ ಹೆಸರು ನಂಗೊತ್ತಿಲ್ವಾ?”

ಗೆರ್ಲಾಖ್ ಜರ್ಮನ್, ರೊಟ್ಟಿ ಸುಡುವವನು. ಊರಿನ ಜರ್ಮನ್ನರು ಕೋಟೆ ಬಾಗಿಲು ಹಾಕಿಕೊಂಡು ದೊರೆಗೆ ತಿರುಗಿಬಿದ್ದಾಗ ಇವನು ಹಿಟ್ಟು ನಾದುತ್ತಿದ್ದ. ಆದರೆ ದಂಗೆ ಅಡಗಿದ ಮೇಲೆ ಯಾರು ಏನು ನಾದುತ್ತಿದ್ದರು ಅಂತ ಯಾರೂ ಕೇಳಲಿಲ್ಲ. ಚೌಕದಲ್ಲಿ ಒಬ್ಬೊಬ್ಬರ ಮೂಗಿನ ಮುಂದೆಯೂ ಒಂದು ಹಿಡಿ ಚನ್ನಂಗಿ ಬೇಳೆ ಹಿಡಿದು ಹೆಸರು ಕೇಳುತ್ತಿದ್ದರು. ಪೋಲೆಂಡಿನವರ ಹಾಗೆ ಹೇಳಿದವರು ಬಲಕ್ಕೆ, ಮನೆಗೆ. ನಾಲಗೆ ಹೊರಳದವರು ಎಡಕ್ಕೆ. ಎಡಗಡೆ ಗಲ್ಲುಮರವಿತ್ತು.

ದೊರೆ ಕುಳ್ಳ. ಬೆನ್ನ ಹಿಂದೆ ಜನ ಅವನನ್ನು ‘ಮೊಳದುದ್ದ’ ಅನ್ನುತ್ತಿದ್ದರು. ಆ ಮೊಳದುದ್ದದವನೇ ಚಿಂದಿಯಾಗಿದ್ದ ಪೋಲೆಂಡನ್ನು ತುಂಡು ತುಂಡಾಗಿ ಹೊಲಿದು ಒಂದು ಮಾಡುತ್ತಿದ್ದ. ಅದರಲ್ಲಿ ವಿಖ್ನಾಳ ತವರು ಸಾಂದೋಮಿರ್ ಸೀಮೆಯೂ ಒಂದು ತುಂಡು.

ಗಂಡನ ಜೊತೆ ಚೌಕಕ್ಕೆ ಬಂದಾಗ, ಸಾಲಿಗೆ ಕಾವಲಿದ್ದ ಈಟಿಯವನ ಬಾಯಲ್ಲಿ ತವರಿನ ಧಾಟಿಯ ಮಾತು ಕೇಳಿದ್ದೇ ಅವಳಿಗೆ ಜೀವ ಬಂದಂತಾಯಿತು.

“ಅಣ್ಣಾ, ನೀನು ಸಾಂದೋಮಿರ್ ಕಡೆಯೋನಾ?”

“ಹೂಂ ಕಣಮ್ಮ. ಹೆಸರು ಪಾಕೋಷ್. ದಂಡಿಗೆ ಸೇರಿದ್ದೇ ತಪ್ಪಾಯ್ತು ನೋಡು. ಬೆಳಿಗ್ಗೆ ಸೊತ್ಸೆವಿತ್ಸ, ರಾತ್ರಿ ಸೊತ್ಸೆವಿತ್ಸ. ದೊರೆ ರಾಜ್ಯ ಒಂದು ಮಾಡೋಷ್ಟರಲ್ಲಿ ನನ್ನ ಹೊಟ್ಟೆ ಎರಡಾಗುತ್ತೆ.”

“ಕೇಳಿಸ್ತಾ?” ಅಂತ ವಿಖ್ನಾ ಗಂಡನ ಪಕ್ಕೆ ತಿವಿದಳು.

ಸರದಿ ಬಂತು. ದಳಪತಿ ಉತ್ತರದ ಕುಯಾವಿಯದವನು, ದೊರೆಯ ಸ್ವಂತ ಸೀಮೆಯವನು. ಬೇಳೆಯ ಹಿಡಿ ಚಾಚಿದ. ಗೆರ್ಲಾಖ್ ಉಸಿರೆಳೆದುಕೊಂಡು, ಹೆಂಡತಿ ಕಲಿಸಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದ.

“ಸೊತ್ಸೆವಿತ್ಸ.”

“ಎಡಕ್ಕೆ.”

ವಿಖ್ನಾ ಜನರನ್ನು ನೂಕಿಕೊಂಡು ಮುಂದೆ ಬಂದಳು. “ಸ್ವಾಮಿ, ಸರಿಯಾಗೇ ಹೇಳಿದ್ರಲ್ಲ! ಸೊತ್ಸೆವಿತ್ಸ!”

ದಳಪತಿ ಅವಳನ್ನು ಮೇಲಿಂದ ಕೆಳಗೆ ನೋಡಿದ. “ನೀನೂ ಜರ್ಮನ್ನವಳಾ?”

“ಅಯ್ಯೋ, ನಮ್ಮ ವಂಶದಲ್ಲೇ ಯಾರೂ ಜರ್ಮನ್ ಇಲ್ಲ! ಸಾಂದೋಮಿರ್ ಕಡೇಲಿ ನಾವೆಲ್ಲ ಹಿಂಗೇ ಅನ್ನೋದು. ನಾನೇ ಇವರಿಗೆ ತಪ್ಪು ಕಲಿಸಿದ್ದು, ಇವರು ‘ಚೆ’ ಅಂತಾನೇ ಅಂತಿದ್ರು...”

“ರಾಜ್ಯ ಒಂದಾದ್ಮೇಲೆ ಬೇಳೆಗೂ ಒಂದೇ ಹೆಸರಮ್ಮ,” ಅಂದ ದಳಪತಿ, ಕೋಪವೇನೂ ಇಲ್ಲದೆ. “ನೀನೂ ಎಡಕ್ಕೆ ನಡಿ.”

ವಿಖ್ನಾ ತಿರುಗಿ ಪಾಕೋಷನ ತೋಳು ಹಿಡಿದಳು. “ಅಣ್ಣಾ, ನೀನಾದ್ರೂ ಹೇಳು! ನಮ್ಮ ಕಡೆ ಇದಕ್ಕೆ ಏನಂತಾರೆ?”

ದಳಪತಿಯೂ ತಿರುಗಿದ. ಬೇಳೆಯ ಹಿಡಿ ಈಗ ಪಾಕೋಷನ ಮುಂದಿತ್ತು.

“ಹೇಳಪ್ಪಾ. ಏನಿದು?”

ಪಾಕೋಷ್ ಬೇಳೆ ನೋಡಿದ. ವಿಖ್ನಾಳನ್ನು ನೋಡಿದ. ಎಡಗಡೆಯ ಮರ ನೋಡಿದ. ಆಮೇಲೆ ಅವಳ ಬೆರಳುಗಳನ್ನು ಮೆಲ್ಲಗೆ ತೋಳಿನಿಂದ ಬಿಡಿಸಿದ.

“ಗೊತ್ತಿಲ್ಲ ಒಡೆಯಾ,” ಅಂದ. “ನಾನು ಆ ಬೇಳೆ ತಿನ್ನಲ್ಲ.”