ಪಿಂಚಣಿ ಯಾರ ಹೆಸರಿಗಿದೆ?

“ಒಂದ ಸಲ ಅಂದಬಿಡಬೇ ಅವ್ವಾ. ದೇವರೇನು ನಿನ್ನ ನಾಲಿಗಿ ಕೀಳಂಗಿಲ್ಲ.”

ಸಾವಂತ್ರವ್ವ ಮಗಳು ಮಾದೇವಿಯ ಮಾತು ಕೇಳಿಸದವಳಂತೆ ಕುಳಿತಿದ್ದಳು. ಹಾನಗಲ್ಲಿನ ಕಚೇರಿಯ ಕಟ್ಟೆ ಬಿಸಿಲಿಗೆ ಕಾದಿತ್ತು. ಪಕ್ಕದಲ್ಲಿ ಕುಳಿತ ಮಾದೇವಿಯ ಅಪ್ಪನ ಬಾಯಂಚಿನಲ್ಲಿ ಇಳಿಯುತ್ತಿದ್ದ ಜೊಲ್ಲನ್ನು ಅವಳು ಸೆರಗಿನಿಂದ ಒರೆಸಿದಳು, ಮತ್ತೆ ಇಳಿಯಿತು, ಮತ್ತೆ ಒರೆಸಿದಳು.

ಮಾದೇವಿಗೆ ಸಾಕಾಗಿ ಹೋಗಿತ್ತು. ಸುಟ್ಟ ಮುಖ ಎಂದಾದರೂ ಚಿಗುರುತ್ತದೆಯೇ? ಆದರೆ ಸರಕಾರಕ್ಕೆ ಕೆಲವು ವರ್ಷಕ್ಕೊಮ್ಮೆ ಆ ಅನುಮಾನ ಬರುತ್ತದೆ. ಆಗೆಲ್ಲ ಹತ್ತಿಮತ್ತೂರಿನಿಂದ ಬಸ್ಸು ಬದಲಿಸುತ್ತ ಅಪ್ಪನನ್ನು ಕರೆತಂದು, ಅಂಗಿ ಬಿಚ್ಚಿಸಿ, ದಾಕ್ತರರ ಮುಂದೆ ನಿಲ್ಲಿಸಬೇಕು. ಬರ್ಮಾದ ಯುದ್ಧದಲ್ಲಿ ಹೋದದ್ದು ಹೋಗಿಯೇ ಇದೆ, ವಾಪಸು ಬಂದಿಲ್ಲ ಎಂದು ತೋರಿಸಬೇಕು.

ಹೋದ ಸಲ ತೊಡಕಾದದ್ದು ಅಪ್ಪನಿಂದಲ್ಲ, ಅವ್ವನಿಂದ. ಅಪ್ಪನಿಗೆ ಮಾತಿಲ್ಲ. ಅಕ್ಷರ ಮೊದಲೇ ಬಾರದು. ಬೆರಳುಗಳು ಒಂದಕ್ಕೊಂದು ಅಂಟಿ ಕರಗಿದ್ದರಿಂದ ಹೆಬ್ಬೆಟ್ಟೂ ಒತ್ತಲಾರ. ಇವನು ಇವನೇ ಎಂದು ಹೇಳಲು ಅವ್ವನ ಬಾಯಿಯೊಂದೇ ಗತಿ. ದೂರದ ಸೀಮೆಯಿಂದ ಬಂದಿದ್ದ ಗುಮಾಸ್ತ ಕೇಳಿದ್ದ, “ಗಂಡನ ಹೆಸರೇನು?” ಅವ್ವ ತಲೆ ತಗ್ಗಿಸಿ, “ನಮ್ಮ ಮನಿಯವರು” ಅಂದಿದ್ದಳು. ಆ ಪುಣ್ಯಾತ್ಮ ‘ಮನಿಯವರು’ ಎಂಬುದನ್ನೇ ಹೆಸರೆಂದು ಬರೆದುಕೊಂಡ! ಮೇಲಿನವರು ನೋಡಿದರು: ಸಿಪಾಯಿಯ ಹೆಸರು ಉಳಿವೆಪ್ಪ, ಹೆಂಡತಿ ಹೇಳಿದ್ದು ಬೇರೆ. ಪಿಂಚಣಿ ನಿಂತಿತು.

ಅಂದಿನಿಂದ ಅವ್ವ ಕಂಡವರ ಹೊಲದಲ್ಲಿ ಬಗ್ಗಿದವಳು ಇನ್ನೂ ನೆಟ್ಟಗಾಗಿಲ್ಲ. ಇವತ್ತೂ ಕೆಟ್ಟರೆ ಒಲೆ ಉರಿಯುವುದಿಲ್ಲ. ಆದರೂ ಹೆಸರು ಹೇಳು ಅಂದರೆ ಸೆರಗು ಬಾಯಿಗೆ ಹೋಗುತ್ತದೆ. ಗಂಡನ ಹೆಸರೆತ್ತಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿದ ಜೀವ ಅದು. ಅಪ್ಪನ ಹೆಸರು ಅವಳ ಬಾಯಲ್ಲಿ ಬಂದದ್ದನ್ನು ಮಾದೇವಿ ಹುಟ್ಟಿದಾರಭ್ಯ ಕೇಳಿಲ್ಲ.

ಇಂಥ ಪ್ರೀತಿಗೆ ಏನು ಹೇಳುವುದು? ಓಣಿಯ ಶಾರವ್ವ ನಗುತ್ತಲೇ ಇರುತ್ತಾಳೆ: “ಹೋಗೂವಾಗ ಹೋರಿ ಇದ್ದ ನಿಮ್ಮಪ್ಪ, ಬರೂವಾಗ ಆಕಳಾಗಿ ಬಂದ. ಮದುವಿಯಾದ ತಿಂಗಳದಾಗ ನಿಮ್ಮವ್ವನ ಕೈ ಮುರದಿದ್ದ ನೋಡ. ಯುದ್ಧ ಎಲ್ಲಾರ್ನೂ ಕೆಡಸತೈತಿ, ಅವನ್ನ ತಿದ್ದಿ ಕಳಿಸಿತು.” ಮಾದೇವಿ ಕಂಡ ಅಪ್ಪನಂತೂ ಇರುವೆಯನ್ನೂ ತುಳಿದವನಲ್ಲ. ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಕಚೇರಿಯ ದಾರಿ ಬಿಟ್ಟು ಹಿರೇಕೆರೂರಿನ ಬಸ್ಸಿನ ಕಡೆ ನಡೆದಿದ್ದ. “ಆ ಕಡೆ ಅಲ್ಲೋ ಯಪ್ಪಾ” ಎಂದು ತೋಳು ಹಿಡಿದು ತಿರುಗಿಸಿದರೆ, ಹಾಗೆಯೇ ಅವಳ ಹಿಂದೆ ಬಂದ.

ಒಳಗಿನಿಂದ ಕರೆ ಬಂತು.

ಮಿಲಿಟರಿ ದಾಕ್ತರ ಉತ್ತರದ ಕಡೆಯವನು, ಕನ್ನಡ ಬಾರದು. ಮಾತು ದಾಟಿಸಲು ಈ ಸಲ ಶಿದ್ಲಿಂಗಪ್ಪ ಎಂಬ ಇದೇ ನೆಲದ ಗುಮಾಸ್ತ ಕುಳಿತಿದ್ದ. ದಾಕ್ತರ ಅಪ್ಪನ ದವಡೆ ಒತ್ತಿ ನೋಡಿದ. ಬೆರಳು ಬಿಡಿಸಲು ಹೋಗಿ ಕೈಬಿಟ್ಟ. ಆಮೇಲೆ ಹಳೆಯ ದಾಖಲೆ ಓದುತ್ತ ಏನೋ ಅಂದ.

“ಇಬ್ಬರು ಒಂದ ಕಡೆ ಇದ್ರಂತ,” ಎಂದ ಶಿದ್ಲಿಂಗಪ್ಪ, “ನಡುವ ಬಾಂಬು ಬಿದ್ದು ಬೆಂಕಿ ಹತ್ತಿತಂತ. ಹಿರೇಕೆರೂರ ಕಡೆಯಾಂವ ಒಬ್ಬ ಅಲ್ಲೇ ತೀರಿಕೊಂಡ. ಇವ್ರು ಹೆಸರಿಗೆ ತಕ್ಕಂಗ ಉಳಕೊಂಡ್ರು.”

ಅಪ್ಪ ನೆಲ ನೋಡುತ್ತಿದ್ದ. ಅವ್ವ ಅವನ ಬೆನ್ನ ಮೇಲೆ ಕೈಯಿಟ್ಟಳು.

ಈಗ ಬಂತು ಆ ಪ್ರಶ್ನೆ. ಶಿದ್ಲಿಂಗಪ್ಪ ಹೆಣ್ಣುಮಕ್ಕಳ ನಡುವೆ ಬೆಳೆದವನಿರಬೇಕು, ಸುತ್ತಿ ಬಳಸಿ ಕೇಳಿದ.

“ಯವ್ವಾ, ಗಂಡನ ಹೆಸರ ಕೇಳಂಗಿಲ್ಲ ನಾ. ಈ ಪಿಂಚಣಿ ಯಾರ ಹೆಸರಿಲೆ ಐತಿ, ಅಷ್ಟ ಹೇಳ್ರಿ.”

ಅವ್ವ ತಲೆಯೆತ್ತಿದಳು. ತಡವರಿಸಲಿಲ್ಲ, ಸೆರಗು ಬಾಯಿಗೆ ಹೋಗಲಿಲ್ಲ.

“ಉಳಿವೆಪ್ಪ,” ಅಂದಳು. “ಹತ್ತಿಮತ್ತೂರ ಉಳಿವೆಪ್ಪ.”

ದಾಕ್ತರ ಸಹಿ ಹಾಕಿದ. ಮಾದೇವಿಗೆ ಕಣ್ಣೀರು ತಡೆಯಲಾಗಲಿಲ್ಲ. ಹೊಟ್ಟೆಪಾಡು ಎಂಥವರ ನೇಮವನ್ನೂ ಮುರಿಸುತ್ತದೆ! ತನ್ನ ಕಾಟಕ್ಕೇ ಅವ್ವ ಇಷ್ಟು ವರ್ಷ ಕಾಯ್ದುಕೊಂಡದ್ದನ್ನು ಕಳೆದುಕೊಂಡಳಲ್ಲ!

ಹೊರಗೆ ಬಂದು ತಾಯಿ ಮಗಳು ಬೇವಿನ ನೆರಳಿನಲ್ಲಿ ಕುಳಿತರು. ಅಪ್ಪ ಎದುರಿನ ಚಹದಂಗಡಿಯ ಬಾಂಕಿನ ಮೇಲೆ, ಎರಡೂ ಮುಂಗೈ ನಡುವೆ ಬಸಿ ಹಿಡಿದು, ಮೆಲ್ಲಗೆ ಹೀರುತ್ತಿದ್ದ. ಅವ್ವನ ಕಣ್ಣು ಅವನ ಮೇಲೆಯೇ ಇತ್ತು.

“ತಪ್ಪಾತಬೇ,” ಎಂದಳು ಮಾದೇವಿ. “ನಾ ಬಾಳ ಕಾಡಿದೆ. ನಿನ್ನ ಬಾಯಿಲೆ ಅಪ್ಪನ ಹೆಸರ ಹೇಳಿಸಿಬಿಟ್ಟೆ.”

“ನೀ ಏನೂ ಹೇಳಿಸಿಲ್ಲ ಬಿಡ. ಅವರು ಕೇಳಿದ್ದಕ್ಕ ಖರೇನ ಹೇಳೇನಿ.”

ಎಂಥ ಗಟ್ಟಿಗಿತ್ತಿ ತನ್ನವ್ವ! ಮಾದೇವಿ ಕಣ್ಣೊರೆಸಿಕೊಂಡಳು. ಮಾತು ಬೇರೆ ಕಡೆ ಹೊರಳಲಿ ಎಂದು ಸುಮ್ಮನೆ ಕೇಳಿದಳು.

“ಪಾಪ, ಆ ಹಿರೇಕೆರೂರ ಕಡೆಯಾಂವ, ಯುದ್ಧದಾಗ ಸತ್ತಾಂವ. ಅಂವನ ಹೆಸರ ಏನಬೇ?”

ಸಾವಂತ್ರವ್ವನ ಬಾಡಿದ ಮುಖಕ್ಕೆ ಮದುವಣಗಿತ್ತಿಯ ನಾಚಿಕೆ ಬಂತು. ಬಾಂಕಿನ ಮೇಲೆ ಚಹ ಹೀರುತ್ತಿದ್ದವನನ್ನು ನೋಡುತ್ತ, ಸೆರಗನ್ನು ಬಾಯಿಗೆ ಒತ್ತಿಕೊಂಡು ಅಂದಳು, “ಅವರ ಹೆಸರ ನಾ ಹೆಂಗ ಹೇಳಲಿ, ಹುಚ್ಚಿ?”